ಬಾಡಿಗೆ ಬಾಕಿ ಇದ್ದರೆ ಬೀಗ ಹಾಕಬಹುದೇ?

ಪ್ರಶ್ನೆ: ಹಾಸನದ ಸಾಲಗಾಮೆ ರಸ್ತೆಯ ಬಳಿ ಬಾಡಿಗೆ ಮನೆಯಲ್ಲಿದ್ದೇವೆ. ತಿಂಗಳಿಗೆ 4,500 ರೂಪಾಯಿ, ಮುಂಗಡ 30,000. ಶುಂಠಿ ಕೊಳೆತು ಕೈ ಖಾಲಿಯಾಗಿ ಮೂರು ತಿಂಗಳ ಬಾಡಿಗೆ ಕೊಟ್ಟಿಲ್ಲ. ಭಾನುವಾರದೊಳಗೆ ಹೊರಡದಿದ್ದರೆ ಬೀಗ ಜಡಿಯುತ್ತೇನೆ ಎಂದಿದ್ದಾರೆ ಮಾಲೀಕರು. ಏನು ಮಾಡಲಿ?
– ಓರ್ವ ಗೃಹಿಣಿ

ಉತ್ತರ: ತಾಯಿ, ಮೊದಲು ಧೈರ್ಯ ತಂದುಕೊಳ್ಳಿ. ಬಾಕಿ ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನ್ಯಾಯಾಲಯದ ಆದೇಶವಿಲ್ಲದೆ ನಿಮ್ಮ ಪಾತ್ರೆ ಪಡಗ ಬೀದಿಗೆಸೆಯುವ ಹಕ್ಕು ಯಾವ ಮಾಲೀಕರಿಗೂ ಇಲ್ಲ.

ನಿಮ್ಮ ಬಾಡಿಗೆಯ ಮೊತ್ತ ನೋಡಿದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಅದರ ಮಿತಿ ಬಹಳ ಕಡಿಮೆ. ನಿಮಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಆಧಾರ. ತಿಂಗಳ ಲೆಕ್ಕದ ಬಾಡಿಗೆಗೆ, ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ, ಮಾಲೀಕರು 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಆಮೇಲೂ ನೀವು ಮನೆ ಬಿಡದಿದ್ದರೆ ಅವರು ದಾವೆ ಹೂಡಬೇಕು. ಬಾಯಿಮಾತಿನ ಭಾನುವಾರಕ್ಕೆ ಬೆಲೆಯಿಲ್ಲ. ಬಲವಂತವಾಗಿ ಹೊರಹಾಕಿದರೆ ನೀವು ಆರು ತಿಂಗಳೊಳಗೆ ಸ್ವಾಧೀನ ಮರಳಿ ಕೇಳಿ ದಾವೆ ಹೂಡಬಹುದು.

ಇಂದೇ ಒಂದು ಪತ್ರ ಬರೆಯಿರಿ: ಇಷ್ಟು ಬಾಕಿ, ಇಂಥ ದಿನ ಇಷ್ಟು ಕೊಡುತ್ತೇವೆ, ಒಪ್ಪಿದರೆ ಮುಂಗಡದಲ್ಲಿ ಮುರಿದುಕೊಳ್ಳಿ ಎಂದು. ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ. ನನ್ನ ಕಕ್ಷಿದಾರರೊಬ್ಬರು ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಬಾಡಿಗೆ ಕೊಟ್ಟಿದ್ದಕ್ಕೆ ತಿಂಗಳು ತಿಂಗಳೂ ಮಾಲೀಕರ ಸಹಿ ಹಾಕಿಸಿಕೊಂಡಿದ್ದರು. ಎಣ್ಣೆಯ ಕಲೆ ಬಿದ್ದಿದ್ದ ಆ ಹಾಳೆಯೇ ಅವರನ್ನು ಉಳಿಸಿತು.

ವಕೀಲರ ಶುಲ್ಕದ ಚಿಂತೆ ಬೇಡ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ನೆರವು ನೀಡುತ್ತದೆ. ಸಹಾಯವಾಣಿ 15100. ನಾಳೆಯೇ ಕರಾರುಪತ್ರ ಹಿಡಿದು ಹೋಗಿ.