ಮೊದಲು ಅಣ್ಣನ ಬಾಯಿ ಬಿಡಿಸು

ಗದಗ ಹತ್ತಿರದ ಹಳ್ಳಿಯ ಹುಡುಗಿಯೊಬ್ಬಳು ಎರಡು ಹಾಳೆ ತುಂಬ ಬರೆದಿದ್ದಾಳೆ. ಎಸ್ಸೆಸ್ಸೆಲ್ಸಿಯಲ್ಲಿ 91 ಪರ್ಸೆಂಟ್. ಪಿಯುಸಿಗೆ ಆರ್ಟ್ಸ್ ತಗೋಬೇಕು ಅಂತ ಆಸೆ. ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಅಪ್ಪ ಒಪ್ಪುತ್ತಿಲ್ಲ. ಅವ್ವ ಯಾರ ಕಡೆಗೂ ಮಾತಾಡುವುದಿಲ್ಲ. ಹುಬ್ಬಳ್ಳಿಯ ಕಾಕಾ ಮಾತ್ರ ದಿನಾ ಫೋನ್ ಮಾಡಿ, 'ಇಷ್ಟ್ ಮಾರ್ಕ್ಸ್ ತಗೊಂಡು ಆರ್ಟ್ಸಾ? ಮಂದಿ ಏನಂತಾರ?' ಅಂತಾರಂತೆ. 'ಏನು ಮಾಡಲಿ ಅಕ್ಕಾ?' ಎಂದು ಕೇಳಿದ್ದಾಳೆ.

ತಂಗಿ, ಕಾಕಾನ ಮಾತು ಬಿಡು. ಅವರು ಹೇಳುವ ಆ ಮಂದಿ ನಿನ್ನ ಫೀಸ್ ಕಟ್ಟೋಕೆ ಬರೋದಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಎರಡನೇ ಹಾಳೆಯ ಕೊನೆಯಲ್ಲಿ ನೀನು ಹಾಗೇ ಸುಮ್ನೆ ಬರೆದುಹೋದ ವಿಷಯ. ನಿನ್ನ ಅಣ್ಣ ಬಿಇ ಮುಗಿಸಿ, ಈಗ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಕೆಎಎಸ್‌ಗೆ ಓದುತ್ತಿದ್ದಾನೆ. ಹಬ್ಬಕ್ಕೆ ಊರಿಗೆ ಬಂದಾಗ ಪುಸ್ತಕ ನಿನ್ನ ಕೈಗೆ ಕೊಟ್ಟು, ಪ್ರಶ್ನೆ ಕೇಳು ಅಂತಾನೆ. ಪಂಚಾಯಿತಿಗಳ ಬಗ್ಗೆ ಇರುವ ಸಂವಿಧಾನ ತಿದ್ದುಪಡಿ ಎಷ್ಟನೆಯದು ಅಂತ ಕೇಳಿದರೆ 74 ಅಂದ. ನೀನು ಪುಸ್ತಕ ನೋಡದೇ, '74ನೇದು ನಗರಸಭೆದು, ಪಂಚಾಯಿತಿದು 73, ಎರಡೂ ಜಾರಿಗೆ ಬಂದದ್ದು 1993ರಲ್ಲಿ' ಅಂದೆ.

ಪಿಯುಸಿ ಸೈನ್ಸ್ ಎರಡು ವರ್ಷ, ಬಿಇ ನಾಲ್ಕು ವರ್ಷ. ಅಷ್ಟೆಲ್ಲ ಆದ ಮೇಲೆ ಅವನು ಈಗ ಓದುತ್ತಿರುವುದೇನು? ಸಂವಿಧಾನ, ಕರ್ನಾಟಕದ ಇತಿಹಾಸ, ಅರ್ಥವ್ಯವಸ್ಥೆ. ನೀನು ಹದಿನಾರಕ್ಕೇ ಓದ್ತೀನಿ ಅಂತಿರುವುದೂ ಅದನ್ನೇ ಅಲ್ವಾ? ಸಪ್ತಾಪುರದಲ್ಲಿ ಇಂಥ ಹುಡುಗರು ಬೇಕಾದಷ್ಟು ಜನ ಸಿಗುತ್ತಾರೆ. ಕೆಎಎಸ್‌ಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ, ಅದು ಅವನಿಗೆ ಚೆನ್ನಾಗಿ ಗೊತ್ತು. ಆದರೂ ಅಪ್ಪ 'ಆರ್ಟ್ಸ್ ತಗೊಂಡು ಏನ್ ಮಾಡ್ತಿ?' ಅಂದಾಗ, ತಲೆ ಎತ್ತದೆ ರೊಟ್ಟಿ ಮುರಿಯುತ್ತಾ ಕೂತಿದ್ದನಂತೆ. ನನಗೆ ಸಿಟ್ಟು ಬಂದದ್ದು ಅಪ್ಪನ ಮೇಲಲ್ಲ, ಇವನ ಮೇಲೆ. ಅಪ್ಪ ಸಾಲ ಮಾಡಿ ಒಬ್ಬನನ್ನು ಓದಿಸಿದ್ದಾರೆ, ಕೆಲಸ ಇನ್ನೂ ಆಗಿಲ್ಲ. ಹೆದರಿಕೆ ಇರೋದೇ.

ಹಾಗಂತ ಆರ್ಟ್ಸ್ ಅಂದರೆ ಆರಾಮ ಅಂದುಕೊಳ್ಳಬೇಡ. ಪುಟಗಟ್ಟಲೆ ಓದಬೇಕು, ಪುಟಗಟ್ಟಲೆ ಬರೀಬೇಕು. ಡಾಕ್ಟರ್, ಎಂಜಿನಿಯರ್ ದಾರಿ ಮುಚ್ಚುತ್ತದೆ. ನೀಟ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕೇ ಬೇಕು. ಇದನ್ನು ಕಾಕಾ ಹೇಳುವ ಮುಂಚೆ ನೀನೇ ಅಪ್ಪನಿಗೆ ಹೇಳು. ಉಳಿದ ದಾರಿಗಳೂ ಕಮ್ಮಿ ಇಲ್ಲ. ಪಿಯುಸಿ ಆದ ಮೇಲೆ ಐದು ವರ್ಷದ ಕಾನೂನು ಪದವಿ ಇದೆ, ಕಾನೂನು ವಿಶ್ವವಿದ್ಯಾಲಯ ಹುಬ್ಬಳ್ಳಿ ನವನಗರದಲ್ಲೇ ಇದೆ. ಬಿಎ ಮಾಡಿ ಬಿಎಡ್ ಮಾಡಬಹುದು. ಪಂಚಾಯಿತಿ ವಿಷಯವೇ ಹಿಡಿಸಿತು ಅನ್ನು, ಡಿಗ್ರಿ ಆದಮೇಲೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ನಿಮ್ಮ ಗದಗಿನಲ್ಲೇ ಇದೆ.

ವಿಷಯ ಆರಿಸುವಾಗ ನನ್ನದೊಂದು ಹಟ, ಈ ಅಂಕಣ ಓದುವವರಿಗೆ ಕೇಳಿ ಕೇಳಿ ಸಾಕಾಗಿರಬೇಕು: ಅರ್ಥಶಾಸ್ತ್ರ ಬಿಡಬೇಡ. ಕಷ್ಟ ಅಂತ ಗೆಳತಿಯರು ಹೆದರಿಸುತ್ತಾರೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಇರುವ ಎಚ್‌ಇಪಿಎಸ್ ತಗೋ. ಹೆಸರುಕಾಳಿನ ದರ ಯಾಕೆ ಬಿತ್ತು ಅನ್ನೋದು ಅಪ್ಪನಿಗೆ ದಿನದ ಮಾತು. ಮಗಳು ಓದುವುದೂ ಅದನ್ನೇ ಅಂತ ಗೊತ್ತಾದರೆ ಅವರಿಗೆ ಆರ್ಟ್ಸ್ ಅಷ್ಟು ದೂರದ್ದು ಅನ್ನಿಸಲಿಕ್ಕಿಲ್ಲ. ಸೇರುವ ಮುಂಚೆ ಆ ಕಾಲೇಜಿನಲ್ಲಿ ನಾಲ್ಕೂ ವಿಷಯಕ್ಕೆ ಲೆಕ್ಚರರ್ ಇದ್ದಾರಾ ಅಂತಲೂ ವಿಚಾರಿಸು.

ಆದರೆ ಅದಕ್ಕೂ ಮೊದಲು ಇವತ್ತೇ ಅಣ್ಣನಿಗೆ ಫೋನ್ ಮಾಡು. ಈ ಭಾನುವಾರ ಬಸ್ ಹತ್ತಿ ಊರಿಗೆ ಬರಲಿ, ಬರುವಾಗ ಓದುವ ಪುಸ್ತಕಗಳನ್ನೂ ತರಲಿ. ನೀನು ವಾದ ಮಾಡಬೇಡ, ಅಳಬೇಡ. ಸಪ್ತಾಪುರದಲ್ಲಿ ತಾನು ಓದುತ್ತಿರುವುದೇನು ಅಂತ ಅಪ್ಪನೆದುರು ಅವನೇ ಹೇಳಲಿ. ಆಗೋದಿಲ್ಲ ಅಂದರೆ, ಇನ್ನು ಮುಂದೆ ಪ್ರಶ್ನೆ ಕೇಳೋಕೆ ಬೇರೆ ಯಾರನ್ನಾದರೂ ನೋಡಿಕೋ ಅನ್ನು.