ಮಂಡಕ್ಕಿ ತಿಂದ ಎರಡು ಗಂಟೆಗೇ ಹಸಿವು: ನನ್ನ ಪ್ರತಿಕ್ರಿಯೆ

ನಮಸ್ಕಾರ ಸರ್. ಸಂಜೆ 5ಕ್ಕೆ ಒಂದು ಪ್ಲೇಟ್ ಖಾರ ಮಂಡಕ್ಕಿ ತಿಂದರೂ 7ಕ್ಕೆ ಮತ್ತೆ ಹೊಟ್ಟೆ ಚುರುಗುಟ್ಟುತ್ತೆ, ಪ್ರೋಟೀನ್ ಬಾರ್ ಶುರು ಮಾಡ್ಲಾ ಅಂತ ಕೇಳಿದ್ದೀರಿ. ಬಾರ್ ಬೇಡ. ಸುಮ್ನೆ ದುಡ್ಡು ದಂಡ, ಎಷ್ಟೋ ಬಾರ್‌ಗಳಲ್ಲಿ ಸಕ್ಕರೆಯೂ ಜಾಸ್ತಿ.

ನಾನೂ ದಾವಣಗೆರೆಯವನೇ. ಮಂಡಕ್ಕಿ ಬಿಡಿ ಅನ್ನೋಕೆ ಮನಸ್ಸು ಬರೋದಿಲ್ಲ. ಆದರೆ ಭಟ್ಟಿಯಿಂದ ಬಂದ ಮಂಡಕ್ಕಿಯನ್ನು ಬೊಗಸೆ ತುಂಬ ಹಿಡಿದು ನೋಡಿ, ತೂಕವೇ ಇರುವುದಿಲ್ಲ ಅಲ್ವಾ? ಅರಳಿದ ಅಕ್ಕಿ, ಬೇಗ ಕರಗಿಬಿಡುತ್ತದೆ. ಅದೇ ಪ್ರೋಟೀನ್ ಆದರೆ ಹೊಟ್ಟೆಯಿಂದ ನಿಧಾನಕ್ಕೆ ಮುಂದೆ ಹೋಗುತ್ತದೆ. ಕರುಳಿನಿಂದ ಜಿಎಲ್‌ಪಿ-1, ಪಿವೈವೈ ಅನ್ನೋ ಹಾರ್ಮೋನುಗಳು ಹೊರಟು ಮಿದುಳಿಗೆ 'ಸಾಕು' ಅಂತ ತಿಳಿಸುತ್ತವೆ. ಹಸಿವು ಹುಟ್ಟಿಸೋ ಗ್ರೆಲಿನ್ ತಗ್ಗುತ್ತದೆ.

ಹಾಗಾಗಿ ಮಂಡಕ್ಕಿ ಅರ್ಧ ಮಾಡಿ. ಉಳಿದ ಜಾಗಕ್ಕೆ ಹುರಿಗಡಲೆ, ಮೊಳಕೆ ಬಂದ ಹೆಸರುಕಾಳು, ಹೆಚ್ಚಿದ ಈರುಳ್ಳಿ, ಮೇಲೆ ನಿಂಬೆಹಣ್ಣು. 50 ಗ್ರಾಂ ಹುರಿಗಡಲೆಯಲ್ಲೇ ಸುಮಾರು 10 ಗ್ರಾಂ ಪ್ರೋಟೀನ್ ಇದೆ, ನಾರೂ ಇದೆ. ಮೊಟ್ಟೆ ತಿನ್ನುವವರಾದರೆ ಬೇಯಿಸಿದ್ದು ಒಂದು ಸೇರಿಸಿ, ಇನ್ನೊಂದು 6 ಗ್ರಾಂ. ಶೇಂಗಾ ಮಾತ್ರ ಅಳತೆ ಮೀರಬಾರದು, ಎಣ್ಣೆ ಅಂಶ ಜಾಸ್ತಿ. ಜೊತೆಗೆ ಮಿರ್ಚಿ ಬಜ್ಜಿ ದಿನಾ ಬೇಡ.

ಒಂದು ಮಾತು. ಸಂಜೆ ಹಸಿವು ತಡೆದ ಮಾತ್ರಕ್ಕೆ ರಾತ್ರಿ ಊಟ ತಾನಾಗಿ ಕಡಿಮೆಯಾಗುತ್ತೆ ಅಂತಿಲ್ಲ. ಮುದ್ದೆ ಬಡಿಸಿಕೊಳ್ಳುವಾಗ ನೀವೇ ಗಮನ ಇಡಬೇಕು. ಮಧ್ಯಾಹ್ನ ಬರೀ ಅನ್ನ-ಸಾರು ಉಂಡಿದ್ದರೆ ಸಂಜೆಯ ಹಸಿವು ಅಲ್ಲಿಂದಲೇ ಶುರು, ಅಲ್ಲೂ ಗಟ್ಟಿ ಬೇಳೆ ಇರಲಿ. ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ. ಎರಡು ವಾರ ಮಾಡಿ ನೋಡಿ, ಮತ್ತೆ ಎಷ್ಟು ಗಂಟೆಗೆ ಹಸಿವಾಯಿತು ಅಂತ ಇಲ್ಲೇ ಬರೆಯಿರಿ.