ವಾನ್ ಲಾಂಗ್ ಅವರ ದೊಡ್ಡ ಸಾಧನೆ ಸ್ಮಿತ್‌ಫೀಲ್ಡ್ ಖರೀದಿಯೇ?

ಚೀನಾದ ಹಂದಿಮಾಂಸ ಉದ್ಯಮಿ ವಾನ್ ಲಾಂಗ್ 2013ರಲ್ಲಿ ಅಮೆರಿಕದ ಸ್ಮಿತ್‌ಫೀಲ್ಡ್ ಎಂಬ ಹಂದಿಮಾಂಸ ಕಂಪನಿಯನ್ನು ಕೊಂಡದ್ದೇ ಅವರ ಅತಿ ದೊಡ್ಡ ಸಾಧನೆಯೇ ಎಂದು ಕೇಳಿದ್ದೀರಿ. ಸಾಲವೂ ಸೇರಿ 710 ಕೋಟಿ ಡಾಲರಿನ ಆ ವ್ಯವಹಾರ ಜಗತ್ತಿನ ಕಣ್ಣು ಕುಕ್ಕಿದ್ದು ನಿಜ. ಆದರೂ ನನ್ನನ್ನು ಕೇಳಿದರೆ ಒಂದು ಸಾಸೇಜನ್ನು (ಹೊದಿಕೆಯೊಳಗೆ ಅರೆದ ಮಾಂಸ ತುಂಬಿದ ತಿನಿಸು) ತೋರಿಸುತ್ತೇನೆ.

ಸೈನ್ಯದಿಂದ ಮರಳಿದ ವಾನ್ 1968ರಲ್ಲಿ ಹೆನಾನ್ ಪ್ರಾಂತ್ಯದ ಲುವೊಹೆಯ ಸರ್ಕಾರಿ ಮಾಂಸ ಕಾರ್ಖಾನೆ ಸೇರಿದರು. 1984ರಲ್ಲಿ ಅದರ ಮುಖ್ಯಸ್ಥರಾದಾಗ ಕಾರ್ಖಾನೆ ನಷ್ಟದಲ್ಲಿ ಮುಳುಗಿತ್ತು. 1992ರಲ್ಲಿ ಶುವಾಂಗ್‌ಹುಯಿ ಹೆಸರಿನ ಸಾಸೇಜ್ ಹೊರಬಂತು.

ಕೆಲಸದ ಮೇಲೆ ಚೀನಾಕ್ಕೆ ಹೋಗಿದ್ದಾಗ ರೈಲಿನಲ್ಲಿ ನನ್ನೆದುರು ಕುಳಿತಿದ್ದ ಹಿರಿಯರೊಬ್ಬರು ಅಂಥದ್ದೇ ಒಂದು ಸಾಸೇಜನ್ನು ಚೀಲದಿಂದ ತೆಗೆದರು. ಕೆಂಪು ಪ್ಲಾಸ್ಟಿಕ್ ಹೊದಿಕೆ, ಎರಡೂ ತುದಿಗೆ ಲೋಹದ ಕ್ಲಿಪ್ಪು. ತುದಿಯನ್ನು ಹಲ್ಲಿನಿಂದ ಕಚ್ಚಿ ಸುಲಿದು, ಬಿಸಿನೀರು ಹುಯ್ದ ನೂಡಲ್ಸಿಗೆ ತುಂಡು ತುಂಡಾಗಿ ಮುರಿದು ಹಾಕಿಕೊಂಡರು. ಅದಕ್ಕೆ ಫ್ರಿಜ್ ಬೇಕಿಲ್ಲ. ಹೊದಿಕೆ ಮುಚ್ಚಿದ ಮೇಲೆ ನಮ್ಮ ಕುಕ್ಕರಿನಲ್ಲಿ ಬೇಯಿಸುವಂತೆ ಒತ್ತಡದಲ್ಲಿ ಬೇಯಿಸುತ್ತಾರೆ. ಹಾಗಾಗಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಹಳ್ಳಿ ಮನೆಗಳಲ್ಲಿ ಫ್ರಿಜ್ಜೇ ಅಪರೂಪವಾಗಿದ್ದ ಕಾಲದಲ್ಲಿ ಇದರಿಂದ ಮಾಂಸ ಬಿಸ್ಕತ್ತಿನ ಹಾಗೆ ಕಿರಾಣಿ ಅಂಗಡಿಯ ಕಪಾಟು ಸೇರಿತು. ಇದನ್ನು ಮೊದಲು ಮಾಡಿದವರು ವಾನ್ ಅಲ್ಲ. ಅದೇ ಪ್ರಾಂತ್ಯದ ಲುವೊಯಾಂಗ್‌ನ ಚುಂಡು ಕಂಪನಿ ಅವರಿಗಿಂತ ಮುಂದಿತ್ತು. ಚುಂಡು ಸಂಬಂಧವಿಲ್ಲದ ಹತ್ತಾರು ವ್ಯವಹಾರಗಳಿಗೆ ಕೈಹಾಕಿ ಸೊರಗಿತು. ವಾನ್ ಹಂದಿಯನ್ನು ಬಿಟ್ಟು ಕದಲಲಿಲ್ಲ. ಈ ಹಟವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ 2011ರ ಮಾರ್ಚ್ 15ರಂದು ಬಯಲಾದದ್ದನ್ನು ಮರೆಮಾಚಲಾರೆ. ಕೊಬ್ಬು ಕಡಿಮೆಯಾಗಲೆಂದು ಕ್ಲೆನ್‌ಬ್ಯುಟರಾಲ್ ಎಂಬ ನಿಷೇಧಿತ ಔಷಧ ತಿನ್ನಿಸಿದ ಹಂದಿಗಳನ್ನು ಅವರ ಜಿಯುವಾನ್ ಘಟಕ ಕೊಂಡಿತ್ತು ಎಂದು ಸರ್ಕಾರಿ ಟಿವಿ ತೋರಿಸಿತು. ವಾನ್ ಬಹಿರಂಗವಾಗಿ ಕ್ಷಮೆ ಕೇಳಿದರು, ಒಂದೊಂದು ಹಂದಿಯನ್ನೂ ಪರೀಕ್ಷಿಸುವುದಾಗಿ ಕಂಪನಿ ಮಾತು ಕೊಟ್ಟಿತು. ತಿನ್ನುವವರ ನಂಬಿಕೆಯ ಮೇಲೆಯೇ ನಿಂತ ಸಂಸ್ಥೆಗೆ ಅದು ಸಣ್ಣ ತಪ್ಪಲ್ಲ. ಹಾಗಾಗಿ ಎರಡೇ ವರ್ಷಗಳ ನಂತರದ ಸ್ಮಿತ್‌ಫೀಲ್ಡ್ ಖರೀದಿಯಲ್ಲಿ ನನಗೆ ಕಾಣುವುದು ಬರೀ ವಿಸ್ತರಣೆಯಲ್ಲ. ಕಳೆದುಕೊಂಡ ವಿಶ್ವಾಸವನ್ನು ಮರಳಿ ಗಳಿಸುವ ಪ್ರಯತ್ನವೂ ಹೌದು.

2021ರ ಜೂನ್‌ನಲ್ಲಿ ವಾನ್ ಅವರ ಹಿರಿಯ ಮಗನನ್ನು ಕಂಪನಿಯ ಆಡಳಿತ ಮಂಡಳಿಯಿಂದ ತೆಗೆಯಲಾಯಿತು. ಆಗಸ್ಟ್‌ನಲ್ಲಿ ಮುಖ್ಯ ಕಾರ್ಯನಿರ್ವಾಹಕ ಹುದ್ದೆಯನ್ನು ಗುವೊ ಲಿಜುನ್ ಅವರಿಗೆ ಒಪ್ಪಿಸಿದ ವಾನ್, ಅಧ್ಯಕ್ಷರ ಕುರ್ಚಿಯನ್ನು ತಾವೇ ಉಳಿಸಿಕೊಂಡರು.